‘ಎವಿಸೀಕ್01’ ಎಂಬುದು ಯಾವ ಚಿತ್ರ?

ಹಳೆಯ ಕನ್ನಡ ಚಿತ್ರಗಳ ವಿಸಿಡಿಯನ್ನು ಕಂಪ್ಯೂಟರಿನಲ್ಲಿ ತೆರೆದಾಗ ಕಾಣುವ ‘ಎವಿಸೀಕ್01.ಡ್ಯಾಟ್’ ಎಂಬುದು ಚಿತ್ರದ ಹೆಸರಲ್ಲ. ದೃಶ್ಯ ಮತ್ತು ಧ್ವನಿಯ ಮೊದಲ ಅನುಕ್ರಮಕ್ಕೆ ಪ್ರತಿ ಡಿಸ್ಕಿನಲ್ಲಿಯೂ ಇದೇ ಹೆಸರಿರಬೇಕೆಂಬುದು ವಿಸಿಡಿ ತಯಾರಿಕೆಯ ನಿಯಮವಾಗಿದ್ದರಿಂದ, ಪೌರಾಣಿಕ ಚಿತ್ರಕ್ಕೂ ಪತ್ತೇದಾರಿ ಚಿತ್ರಕ್ಕೂ ಗುರುತು ಒಂದೇ ಆಯಿತು. ಒಂದು ಡಿಸ್ಕಿನಲ್ಲಿ ಸುಮಾರು 74 ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ಎರಡೂವರೆ ಗಂಟೆಯ ಚಿತ್ರವು ಎರಡು ಮೂರು ಡಿಸ್ಕುಗಳಿಗೆ ಹಂಚಿಹೋಗುತ್ತಿತ್ತು. ಶೀರ್ಷಿಕೆಯಿದ್ದ ಮೊದಲ ಡಿಸ್ಕು ಕಳೆದುಹೋದರೆ ಉಳಿಯುವುದು ನಡುವಿನಿಂದ ಆರಂಭವಾಗುವ ಅನಾಮಧೇಯ ಕಥೆ ಮಾತ್ರ. ಡಿವಿಡಿಯ ‘ವಿಟಿಎಸ್_01_1.ವಿಒಬಿ’ ಎಂಬ ಹೆಸರೂ ಮೊದಲ ವಿಡಿಯೊ ಸಮೂಹದ ಮೊದಲ ತುಂಡು ಎಂದು ತಿಳಿಸುತ್ತದೆಯೇ ಹೊರತು ಚಿತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೀಗಾಗಿ ಶೋಧಕರು ಹೆಸರನ್ನು ಬಿಟ್ಟು ಅಳತೆಯ ಮೊರೆಹೋಗಬೇಕಾಗುತ್ತದೆ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ದಾಖಲಾಗಿರುತ್ತದೆ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮುಗಳಂತೆ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರು ಓಡುವುದರಿಂದ, 4115 ಮೀಟರಿನ ಚಿತ್ರ 150 ನಿಮಿಷದ್ದೆಂದು ಲೆಕ್ಕಹಾಕಬಹುದು. ಆದರೆ ಭಾರತದ ಟಿವಿ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ಫ್ರೇಮುಗಳು 25. ಫಿಲ್ಮಿನ ಒಂದು ಫ್ರೇಮಿಗೆ ವಿಡಿಯೊದ ಒಂದು ಫ್ರೇಮಿನಂತೆ ವರ್ಗಾಯಿಸಿದರೆ ಅದೇ ಚಿತ್ರ 144 ನಿಮಿಷಕ್ಕೇ ಮುಗಿದು, ಹಾಡುಗಳ ಶ್ರುತಿಯೂ ಕೊಂಚ ಏರುತ್ತದೆ. ಈ ಲೆಕ್ಕ ತಿಳಿಯದವರು ಆ 6 ನಿಮಿಷಗಳಿಗಾಗಿ, ಎಂದೂ ಕತ್ತರಿ ಬೀಳದ ದೃಶ್ಯಗಳನ್ನು ಹುಡುಕುತ್ತ ಕೂರಬೇಕಾದೀತು.

ಫಿಲ್ಮಿನ ಸುರುಳಿಯೇ ಸಿಕ್ಕರೆ ಸಾಕ್ಷ್ಯ ಬಲವಾಗುತ್ತದೆ. ಕೊಡಾಕ್ ಸಂಸ್ಥೆಯು 1916ರಿಂದ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳಂಥ ಚಿಹ್ನೆಗಳ ಮೂಲಕ ತಯಾರಿಕೆಯ ವರ್ಷವನ್ನು ಗುರುತಿಸುತ್ತಿತ್ತು. ಚಿಹ್ನೆಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತಿದ್ದುದರಿಂದ ಒಂದೇ ವೃತ್ತ 1916, 1936, 1956 ಮುಂತಾದ ವರ್ಷಗಳಲ್ಲಿ ಯಾವುದೂ ಆಗಿರಬಹುದು. ಬೇಗನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ತಯಾರಿಕೆಯನ್ನು ಆ ಸಂಸ್ಥೆ 1950ರ ದಶಕದ ಆರಂಭದಲ್ಲೇ ನಿಲ್ಲಿಸಿದ್ದರಿಂದ ನೈಟ್ರೇಟ್ ತುಂಡು 1956ರದ್ದಾಗಲಿ ಅದರ ನಂತರದ್ದಾಗಲಿ ಆಗಲಾರದು. ಅದರ ಮೇಲೆ ಧ್ವನಿಪಥವೂ ಇದ್ದರೆ 1916ರದ್ದೂ ಅಲ್ಲ. ಆದರೂ ಎಚ್ಚರ ತಪ್ಪುವಂತಿಲ್ಲ, ಏಕೆಂದರೆ ಪ್ರತಿ ತೆಗೆಯುವಾಗ ಮೂಲ ನೆಗೆಟಿವ್‌ನ ಚಿಹ್ನೆಯೂ ಪ್ರತಿಯ ಅಂಚಿನಲ್ಲಿ ಮೂಡಬಹುದು.

ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರ ಮಾರ್ಚ್ 3ರಂದು ತೆರೆಕಂಡ, ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ ಚಿತ್ರಿತವಾದ ಅದರ ತುಂಡೊಂದು ಎಲ್ಲಿಯಾದರೂ ಉಳಿದಿದ್ದರೂ ಡಬ್ಬಿಯ ಮೇಲೆ ಅದೇ ಹೆಸರಿರಬೇಕೆಂದಿಲ್ಲ. ರಾವಣನಾಗಿ ನಟಿಸಿದ ಆರ್. ನಾಗೇಂದ್ರರಾವ್ ಅವರನ್ನೂ ಇಂದ್ರಜಿತುವಾಗಿದ್ದ ಸುಬ್ಬಯ್ಯ ನಾಯ್ಡು ಅವರನ್ನೂ ವೇಷದೊಳಗಿನಿಂದಲೇ ಗುರುತಿಸಬಲ್ಲ ಕಣ್ಣು ಆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ.