ದೇವರು ಒಳ್ಳೆಯವನಾ, ಕೆಟ್ಟವನಾ? ಮಸ್ಕಿ ಬಂಡೆ ಏನನ್ನುತ್ತೆ?

ಭತ್ತ ಕೈಹತ್ತಿದರೆ ದೇವರು ಒಳ್ಳೆಯವ, ಮಳೆ ಕೈಕೊಟ್ಟರೆ ಕೆಟ್ಟವ. ಸಿಂಧನೂರಿನ ಚಹಾದಂಗಡಿಯಲ್ಲಿ ಈ ವಾದ ಮುಗಿಯೋದೇ ಇಲ್ಲ.

ಆದರೆ ತುಂಗಭದ್ರಾ ಎಡದಂಡೆ ಕಾಲುವೆ ನೋಡಿ. ಮೇಲ್ಭಾಗದ ಗದ್ದೆ ತುಂಬುತ್ತೆ, ಕೊನೆಭಾಗದ ಹೊಲ ಒಣಗುತ್ತೆ. ಮಳೆ ದೇವರದ್ದಿರಬಹುದು, ನೀರು ಹಂಚಿದ್ದು ನಾವೇ.

ಹಂಚಿಕೆಯ ಈ ಪ್ರಶ್ನೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ 12ನೇ ಶತಮಾನದಲ್ಲೇ ಗಂಡ ಮಾರಯ್ಯನನ್ನು ತಡೆದಳು: ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದರೆ ಶಿವ ಒಪ್ಪಲ್ಲ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಬಂಡೆಯ ಅಶೋಕ ಶಾಸನ ಇನ್ನೂ ಹಳೆಯದು. ಅದರ ಪ್ರಕಾರ, ಜನರಿಂದ ದೂರವಿದ್ದ ದೇವರುಗಳು ಈಗ ಜನರೊಂದಿಗೆ ಬೆರೆತಿದ್ದಾರೆ. ಧರ್ಮದಲ್ಲಿ ನಡೆದರೆ ದೇವರ ಈ ಒಡನಾಟ ಸಣ್ಣವರಿಗೂ ಸಾಧ್ಯ, ದೊಡ್ಡವರಿಗೆ ಮಾತ್ರವಲ್ಲ.

ಅಂದರೆ ಹೊಣೆ ನಮ್ಮ ನಡತೆಯದ್ದು. ದೇವರನ್ನು ಕಟಕಟೆಗೆ ಎಳೆಯೋ ಮೊದಲು, ಕಾಲುವೆ ತೂಬು ಯಾರ ಕೈಲಿದೆ ಅಂತ ಕೇಳಿ.