ಯುರಾಸಿಲ್ ಉಂಗುರ ಮುರಿಯುವ ಕಿಣ್ವ

ಪ್ರಶ್ನೆ: ಸತ್ತ ಜೀವಕೋಶಗಳ ಆರ್‌ಎನ್‌ಎ ಮಣ್ಣಿನಲ್ಲಿ, ನೀರಿನಲ್ಲಿ ಏನಾಗುತ್ತದೆ? ಬ್ಯಾಕ್ಟೀರಿಯಾಗಳು ಅದನ್ನು ಆಹಾರವಾಗಿ ಬಳಸಬಲ್ಲವೇ?

ಉತ್ತರ: ಹೌದು, ಬಳಸಬಲ್ಲವು. ಆರ್‌ಎನ್‌ಎ ಒಡೆದಾಗ ಸಿಗುವ ಯುರಾಸಿಲ್, ಸೈಟೊಸಿನ್‌ಗಳು ಪಿರಿಮಿಡಿನ್ ಗುಂಪಿಗೆ ಸೇರಿದವು. ಇವುಗಳಲ್ಲಿ 4 ಇಂಗಾಲ, 2 ಸಾರಜನಕ ಪರಮಾಣುಗಳು ಸೇರಿ ಗಟ್ಟಿಯಾದ ಉಂಗುರವಾಗಿರುತ್ತವೆ. ಆ ಸಾರಜನಕ ಬೇಕೆಂದರೆ ಮೊದಲು ಉಂಗುರವನ್ನು ಮುರಿಯಬೇಕು.

ನಮ್ಮ ಯಕೃತ್ತಿನ ಕಿಣ್ವವೊಂದು ಯುರಾಸಿಲ್‌ಗೆ ಮೊದಲು ಹೈಡ್ರೋಜನ್ ಸೇರಿಸಿ ಸಡಿಲಗೊಳಿಸುತ್ತದೆ. ಉಂಗುರ ಒಡೆಯುವುದು ಆಮೇಲೆ. ಕೆಲವು ಬ್ಯಾಕ್ಟೀರಿಯಾಗಳೂ ಇದೇ ದಾರಿ ಹಿಡಿಯುತ್ತವೆ. ಆದರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ದಾರಿ ಬೇರೆ. 2006ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಸಿಡ್ನಿ ಕುಸ್ತು ಅವರ ತಂಡ, 7 ಜೀನ್‌ಗಳು ಸಾಲಾಗಿ ನಿಂತು ನಡೆಸುವ 'ರಟ್' ಎಂಬ ಹೊಸ ಮಾರ್ಗವನ್ನು ವರದಿ ಮಾಡಿತು. ಅದರ ಮೊದಲ ಕಿಣ್ವವೇ ರಟ್‌ಎ. ವಿಟಮಿನ್ ಬಿ2ನಿಂದ ತಯಾರಾಗುವ ಫ್ಲೇವಿನ್ ಎಂಬ ಸಹಾಯಕ ಅಣುವಿನ ನೆರವಿನಿಂದ ಅದು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಯುರಾಸಿಲ್ ಉಂಗುರವನ್ನು ನೇರವಾಗಿ ಬಿಡಿಸುತ್ತದೆ. ಉಳಿದ ಕಿಣ್ವಗಳು ಕೆಲಸ ಮುಂದುವರಿಸಿ ಎರಡೂ ಸಾರಜನಕಗಳನ್ನು ಅಮೋನಿಯವಾಗಿ ಬಿಡಿಸಿಕೊಡುತ್ತವೆ. ಅದರಿಂದ ಬ್ಯಾಕ್ಟೀರಿಯಾ ತನಗೆ ಬೇಕಾದ ಅಮೈನೊ ಆಮ್ಲಗಳನ್ನು ಕಟ್ಟಿಕೊಳ್ಳುತ್ತದೆ.

ಯುರಾಸಿಲ್ ಒಂದನ್ನೇ ಸಾರಜನಕದ ಮೂಲವಾಗಿ ಕೊಟ್ಟಾಗ, ಇ. ಕೋಲಿಯ ಕೆ-12 ತಳಿ ಕೋಣೆಯ ಉಷ್ಣತೆಯಲ್ಲಿ ಬೆಳೆಯುತ್ತದೆ, ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯುವುದಿಲ್ಲ. ಈ ಮಾರ್ಗದ ನಡುವೆ ಹುಟ್ಟುವ ಮ್ಯಾಲೊನಿಕ್ ಸೆಮಿಆಲ್ಡಿಹೈಡ್ ಎಂಬ ವಿಷಕಾರಿ ವಸ್ತುವನ್ನು ಬೇಗ ವಿಲೇವಾರಿ ಮಾಡಲಾಗದಿರುವುದು ಇದಕ್ಕೆ ಕಾರಣ ಎಂದು ಮುಂದಿನ ಸಂಶೋಧನೆ ಸೂಚಿಸಿದೆ. ಕರುಳಿನ ವಾಸಿ ಎಂದೇ ನಾವು ಗುರುತಿಸುವ ಈ ಜೀವಿಗೆ ದೇಹದ ಹೊರಗೂ ಬದುಕುವ ಸಿದ್ಧತೆಯಿದೆ ಎಂಬುದನ್ನು ರಟ್ ಮಾರ್ಗ ತೋರಿಸುತ್ತದೆ.