ನಿಮಗಿದು ಗೊತ್ತೇ? ಬೀದರಿನಲ್ಲಿ ಪುಟಕ್ಕೆ ಎರಡು ಬಾಗಿಲು

ನಿಜಾಮರ ಕಾಲದ ಉರ್ದು ಪುಸ್ತಕ ಕೈಗೆ ಸಿಕ್ಕರೆ ತೆರೆದು ನೋಡಿ. ಬೈಂಡಿಂಗ್ ಬಲಕ್ಕಿರುತ್ತದೆ. ಕನ್ನಡ ಪುಸ್ತಕ ಮುಗಿಯುವ ಕಡೆಯಿಂದ ಅದು ಶುರು!

ಉರ್ದು ಸಾಲು ಬಲದಿಂದ ಎಡಕ್ಕೆ ಓಡಿದರೂ ಅದರೊಳಗಿನ ಅಂಕಿಗಳನ್ನು ಎಡದಿಂದಲೇ ಓದಬೇಕು. ಒಂದೇ ಸಾಲಿನಲ್ಲಿ ಎರಡು ದಿಕ್ಕು. ಹಾಗಾಗಿ ಕಂಪ್ಯೂಟರಿನಲ್ಲಿ ಉರ್ದು ಪ್ಯಾರಾವನ್ನು ಬಲ ಅಂಚಿಗೆ ಸರಿಸಿದರಷ್ಟೇ ಸಾಲದು, ದಿಕ್ಕನ್ನೂ ಬದಲಿಸಬೇಕು. ಇಲ್ಲದಿದ್ದರೆ ಪೂರ್ಣವಿರಾಮ ವಾಕ್ಯದ ತಪ್ಪು ತುದಿಗೆ ಹೋಗಿ ಕೂರುತ್ತದೆ.

ಎರಡೂ ಅಂಚು ಸಮ ಬರಬೇಕೆಂದರೆ ಕನ್ನಡದಲ್ಲಿ ಪದಗಳ ನಡುವಿನ ಜಾಗ ಹಿಗ್ಗಿಸುತ್ತೇವೆ. ಉರ್ದುವಿಗೂ ಬಳಸುವ ಅರಬ್ಬಿ ಲಿಪಿಯಲ್ಲಿ ಲಿಪಿಕಾರ ಅಕ್ಷರವನ್ನೇ ಎಳೆದು ಉದ್ದ ಮಾಡಬಲ್ಲ. ಅದಕ್ಕೆ ಕಶೀದಾ ಎನ್ನುತ್ತಾರೆ. ಅಳತೆ ಕೊಟ್ಟ ಪಟ್ಟಿಯೊಳಗೆ ಅಕ್ಷರ ಹೇಗೆ ತುಂಬಿಕೊಳ್ಳುತ್ತದೆಂದು ಕಾಣಲು ಬೀದರಿನ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚುಗಳ ಮುಂದೆ ನಿಲ್ಲಿ. 1472ರ ಕಟ್ಟಡವದು. ಬೀದರ್ ಬಳಿಯ ಅಷ್ಟೂರಿನ ಚೌಖಂಡಿ ಗೋರಿಯಲ್ಲಿ ಕರಿಗಲ್ಲಿನಲ್ಲೇ ಇಂಥ ಬರಹವಿದೆ. ನನಗಂತೂ ಅದೇ ಹೆಚ್ಚು ಇಷ್ಟ.

ನಿಜಾಮರ ಆಡಳಿತದಲ್ಲಿ ಉರ್ದುವಿನದೇ ಕಾರುಬಾರು. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಾಗಿಲಾಚೆ ಬಲದಿಂದ ಓದುವ ಹಲಗೆ, ಬಾಗಿಲೀಚೆ ಎಡದಿಂದ ತಿದ್ದುವ ಅ, ಆ. ಈ ಭಾಗದಲ್ಲಿ ಇಂದು ಕನ್ನಡ ಅರ್ಜಿ ಬರೆಯುವ ಪ್ರತಿ ಕೈಗೂ ಆ ಹಲಗೆಯ ಋಣವಿದೆ.

ಇನ್ನು ಪುಟದ ಆಕಾರ. ತಾಳೆಗರಿ ಹುಟ್ಟಿನಿಂದಲೇ ಅಡ್ಡಪುಟ. ದಾರ ಪೋಣಿಸುವ ತೂತಿನ ಸುತ್ತ ಬರೆಯದೆ ಜಾಗ ಬಿಡುತ್ತಿದ್ದರು. ವಚನಗಳನ್ನೂ ಗರಿಯ ತುದಿತನಕ ಎಡೆಬಿಡದೆ ಬರೆದಿರುತ್ತಿದ್ದರು. ಇಂದಿನ ಪುಸ್ತಕಗಳಲ್ಲಿ ಕಾಣುವ ಸಾಲು ಮುರಿದ ಜೋಡಣೆ ಸಂಪಾದಕರದು.

ಇಂದು ಅರ್ಜಿ ಬರೆಯುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ನಡುವೆ ಮಡಚಿದರೂ ಅದೇ ಆಕಾರ. ಈ ಲೆಕ್ಕ 1922ರಲ್ಲಿ ಜರ್ಮನಿಯಲ್ಲಿ ಪ್ರಮಾಣವಾಯಿತು.

ಕಿರಿದಾದ ಕಾಲಮ್ಮಿನಲ್ಲಿ ‘ಮಾಡಬೇಕಾಗಿರುವುದರಿಂದ’ ಎಂಬಂಥ ಪದ ಬಂದು ಎರಡೂ ಅಂಚು ಸಮ ಮಾಡಿದರೆ ಉಳಿದ ಪದಗಳ ನಡುವೆ ದೊಡ್ಡ ಖಾಲಿ. ಅಂಥ ಖಾಲಿಗಳು ಒಂದರ ಕೆಳಗೊಂದು ಸೇರಿ ಪುಟದಲ್ಲಿ ಬಿಳಿ ಗೆರೆಯಾಗಿ ಇಳಿಯುತ್ತವೆ. ಮುದ್ರಣದವರು ಅದನ್ನು ‘ನದಿ’ ಎಂದೇ ಕರೆಯುತ್ತಾರೆ. ಮಾಂಜ್ರಾ ನದಿ ಔರಾದ್, ಭಾಲ್ಕಿ ಸೀಮೆಯಲ್ಲಿ ಹರಿಯಲಿ, ಅರ್ಜಿಯಲ್ಲಿ ಬೇಡ! ಕನ್ನಡಕ್ಕೆ ಎಡ ಅಂಚು ಸಮವಿಟ್ಟು ಬಲ ಅಂಚನ್ನು ಅದರ ಪಾಡಿಗೆ ಬಿಡುವುದೇ ಕಣ್ಣಿಗೆ ಹಿತ.

ಉರ್ದುವಿನ ಮಾತಾಯಿತು, ಇನ್ನು ಮರಾಠಿ. ಅದರ ಅಕ್ಷರಗಳು ಒಂದೇ ತಲೆಗೆರೆಗೆ ಜೋತುಬಿದ್ದಿರುತ್ತವೆ. ಕನ್ನಡದಲ್ಲಿ ಹಲವು ಅಕ್ಷರಗಳಿಗೆ ತಮ್ಮತಮ್ಮದೇ ತಲೆಕಟ್ಟು, ಮೇಲಾಗಿ ಕೆಳಗೆ ಒತ್ತು. ಎರಡೂ ಭಾಷೆಯ ಫಲಕ ಬರೆಸುವವರು ಇದನ್ನು ಗಮನಿಸಬೇಕು. ಮರಾಠಿಯ ‘ಭಾಲಕೀ’ಗೆ ಒತ್ತಿಲ್ಲ, ನಮ್ಮ ‘ಭಾಲ್ಕಿ’ಗಿದೆ. ಸಾಲುಗಳನ್ನು ಒತ್ತಿ ಕೂರಿಸಿದರೆ ಆ ಕ-ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ.